ಹದಿನೇಳು, ಹದಿನೆಂಟು

ಪರೇಲಿನ ಆಸ್ಪತ್ರೆಯ ನೆಲಮಾಳಿಗೆ, ರಾತ್ರಿ ಎರಡೂಕಾಲು.
ಎಕ್ಸ್‌ರೇ ಚಿತ್ರಗಳನ್ನು ಕಾಯುವ ಸರ್ವರಿಗೆ
ಫಣಸೇಕರ್ ಸಾಹೇಬರು ಹೋದ ವಾರ ಇನ್ನೊಂದು ತಂತಿ ಚುಚ್ಚಿಸಿದ್ದಾರೆ.
ಅದೇ ಸ್ವಿಚ್ಚು, ಅದೇ ಸಬ್‌ನೆಟ್ಟು,
'ಎರಡು ತಂತಿ, ಎರಡರಷ್ಟು ವೇಗ' ಎಂದು ಟೇಬಲ್ ಕುಟ್ಟಿ.
ವಿಳಾಸ ಕೊಟ್ಟವಳು ನಾನೇ:
ಒಂದಕ್ಕೆ ಹದಿನೇಳು, ಒಂದಕ್ಕೆ ಹದಿನೆಂಟು.
ಆ ಸಂಖ್ಯೆಗಳೇ ಯಾಕೆ ಕೈಗೆ ಬಂದವೋ, ಆಗ ಹೊಳೆಯಲಿಲ್ಲ.

ವೇಗ ಬರಲಿಲ್ಲ.
ಎಣಿಕೆ ತೆಗೆದು ನೋಡಿದೆ.
ಹದಿನೆಂಟರೊಳಗೆ ಪ್ರಶ್ನೆಗಳು ಧೋ ಎಂದು ಇಳಿದಿವೆ,
ಹೊರಗೆ ಹೋದದ್ದು ಸೊನ್ನೆ.
ಉತ್ತರವೆಲ್ಲ ಹದಿನೇಳರ ಬಾಗಿಲಿಂದ.

ಹದಿನೆಂಟರ ತಂತಿ ಕಿತ್ತೆ.
ಹದಿನೆಂಟನ್ನು ಕರೆದೆ.
ಒಂದು ಗಳಿಗೆ ತಡೆದು ಓ ಅಂದಿತು,
ಹದಿನೇಳರ ಬಾಯಲ್ಲಿ.
ಮತ್ತೆ ಚುಚ್ಚಿ, ಈಗ ಹದಿನೇಳರದನ್ನು ಕಿತ್ತೆ.
ಹದಿನೆಂಟರ ಹಸಿರು ದೀಪ ಮಿಣಕುತ್ತಲೇ ಇದೆ,
ಕೇಳಿದ್ದೆಲ್ಲ ಒಳಗೆ ಮುಟ್ಟುತ್ತಲೇ ಇದೆ,
ಉತ್ತರ ಮಾತ್ರ ರೂಢಿಯಂತೆ ಎದ್ದು
ಸತ್ತ ಬಾಗಿಲಿಗೆ ಹೋಗಿ ನಿಂತಿದೆ.

ನಾನು ರ್ಯಾಕಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ಕಾಳಾಚೌಕಿಯ ಚಾಳು, ಮೂರನೇ ಮಾಳಿಗೆ.
ಒಂದೇ ಗ್ಯಾಲರಿ, ಪಕ್ಕಪಕ್ಕ ಎರಡು ಖೋಲಿ,
ನಡುಗೋಡೆ ಒಡೆದು ಮಾಡಿದ ಗಿಡ್ಡ ಒಳಬಾಗಿಲು.
ಹದಿನೇಳರಲ್ಲಿ ದೊಡ್ಡಪ್ಪ ರೇವಣಪ್ಪ,
ಹದಿನೆಂಟರಲ್ಲಿ ನಾವು.
ಹಾಲಿನವ, ರೇಶನ್ನಿನವ, ಅಫಜಲಪುರದ ಕಡೆಯಿಂದ ಹೆಣ್ಣು ಕೇಳಲು ಬಂದವರು,
ಯಾರು ನಮ್ಮ ಕದ ಬಡಿದರೂ
ಅಪ್ಪ ಹೂಂ ಉಹೂಂ ಅನ್ನದೆ ತಲೆ ಬಗ್ಗಿಸಿ ಆಚೆ ದಾಟುತ್ತಿದ್ದ;
ಉತ್ತರ ಹದಿನೇಳರ ಹೊಸ್ತಿಲಲ್ಲಿ
ದೊಡ್ಡಪ್ಪನ ಗಂಟಲಿಂದ ಬರುತ್ತಿತ್ತು:
'ಅರ್ಧಾ ಲೀಟರ್ ಸಾಕು.'
'ಹುಡುಗಿ ಇನ್ನಾ ಕಲೀತಾಳ.'

ಬಾಡಿಗೆ ವಸೂಲಿಯ ಪಾಟಣಕರ ಮಾತ್ರ ಒಪ್ಪುತ್ತಿರಲಿಲ್ಲ.
ಕೇಳಿದ್ದು ಈ ಕದಕ್ಕೆ,
ಆ ಕದದಿಂದ ಬಂದ ಹಣ ಮುಟ್ಟುವುದಿಲ್ಲ.
ನಮ್ಮದೇ ನೋಟುಗಳು ಗ್ಯಾಲರಿಯ ಗಾಳಿಯಲ್ಲಿ
ದೊಡ್ಡಪ್ಪನ ಚಾಚಿದ ಕೈಯಲ್ಲಿ ಪಟಪಟ.
ನನ್ನ ಕಸುಬಿನಲ್ಲೂ ಪಾಟಣಕರರಿದ್ದಾರೆ,
ಬಂದ ದಾರಿ ಹೊಂದದಿದ್ದರೆ
ಒಂದು ಮಾತೂ ಆಡದೆ ಪ್ಯಾಕೆಟ್ ಬಿಸಾಡುವವರು.

ದೊಡ್ಡಪ್ಪ ಹೋದದ್ದು ಕಳೆದ ಶ್ರಾವಣದಲ್ಲಿ.
ಹದಿನೇಳಕ್ಕೆ ಹೊರಗಿಂದ ಬೀಗ.
ಒಳಬಾಗಿಲು ಹಾಗೇ ಉಳಿದಿದೆ.
ಮೊನ್ನೆ ಗ್ಯಾಸಿನವ ನಮ್ಮ ಕದ ಬಡಿದ.
ಅಪ್ಪ ಎದ್ದ, ತಲೆ ಬಗ್ಗಿಸಿ ದಾಟಿದ,
ಕತ್ತಲೆ ಖೋಲಿಯಲ್ಲಿ, ಬೀಗ ಬಿದ್ದ ಕದಕ್ಕೆ ಮುಖ ಮಾಡಿ
'ಇಲ್ಲೇ ಇಡು' ಅಂದ.
ನನ್ನ ಬಾಯ ತುಂಬ ಹಲ್ಲುಪುಡಿಯ ನೊರೆ.
ಉಗುಳಿ ಬರುವಷ್ಟರಲ್ಲಿ ಸಿಲಿಂಡರು
ಮೆಟ್ಟಿಲು ಮೆಟ್ಟಿಲು ಕುಟ್ಟುತ್ತ ಇಳಿದು ಹೋಯಿತು.

ಸರ್ವರಿಗೆ ಮದ್ದಿದೆ.
ಎರಡು ಬೇರೆ ದಾರಿಪಟ್ಟಿ ಬರೆದೆ, ಮೇಲೊಂದು ನಿಯಮ:
ಹದಿನೆಂಟೆಂದು ಸಹಿ ಹಾಕಿದ್ದು ಹದಿನೆಂಟರಿಂದಲೇ ಹೊರಡಲಿ.
ಪಕ್ಕದವನ ಹೆಸರು ಕೂಗಿದರೆ ಓಗೊಡಬೇಡ ಎಂದು
ಹದಿನೇಳಕ್ಕೂ ಒಂದು ಸಾಲು. (ಬರೆಯುವಾಗ ಕೈ ಸ್ವಲ್ಪ ತಡೆಯಿತು.)
ಯಾರದೋ ಮುರಿದ ಮಣಿಕಟ್ಟಿನ ಚಿತ್ರ
ಹದಿನೆಂಟರಿಂದ ಹೊರಟು ನಾಲ್ಕನೇ ಮಹಡಿ ಸೇರಿತು.
ಫಣಸೇಕರರಿಗೆ ಚೀಟಿ ಬರೆದಿಟ್ಟೆ:
ವೇಗ ನೀವಂದಷ್ಟು ಹೆಚ್ಚಿಲ್ಲ ಸಾಹೇಬ,
ಕೇಳಿದ ಬಾಗಿಲೇ ಈಗ ಉತ್ತರ ಕೊಡುತ್ತದೆ.

ಬೆಳಗ್ಗೆ ಆರೂವರೆ. ಪಾವಿನ ಸೈಕಲ್ಲು, ನಲ್ಲಿಯ ಸಾಲು.
ಕೀಲಿ ಜೇಬಿನಲ್ಲಿದ್ದರೂ
ನಮ್ಮ ಕದ ಬಡಿದೆ.
ಒಳಗೆ ಚಪ್ಪಲಿ ಎಳೆದ ಸದ್ದು
ನಡುಗೋಡೆಯತ್ತ ಹೋಗಿ ನಿಂತಿತು.

'ಅಪ್ಪಾ,' ಅಂದೆ, 'ಇತ್ಲಾಗ.'