ಬೀಜಕ್ಕ ಬಣ್ಣ

ಪತ್ತಾರ ಮೌನೇಶನ ಸಣ್ಣ ತಕ್ಕಡಿ
ಕಡಾ ತಂದೀನಿ ಇವತ್ತ.
ಮೂವತ್ತು ಕಿಲೋ ಗೋದಿಗೆ ಅರವತ್ತು ಗ್ರಾಮು ಪುಡಿ:
ಐದು ತೊಲಿ, ಮ್ಯಾಲ ಒಂದೀಟು.
ನನ್ನ ಮದುವ್ಯಾಗ ಇಟ್ಟ ಬಂಗಾರದ ಎರಡು ಪಟ್ಟು
ಅಂದೆ. ಮೌನೇಶ ನಗಲಿಲ್ಲ.
"ತಾಟು ತೊಳದು ಕೊಡು ಅಕ್ಕಾ, ಎರಡು ಸಲ."

ಹೋದ ಮಾಗಿಯೊಳಗ
ಕೋಟುಮಚಗಿ ದಾರಿಯ ಹೊಲದಾಗ
ಎಲ್ಲಾಕ್ಕಿಂತ ಮೊದಲ ಹೊಡಿ ಬಿಚ್ಚಿದ್ದು ಅವ,
ಅವಸರದ ತೆನಿ, ಕರೀ ತೆನಿ.
ಕಾಳಿರೂ ಜಾಗಾದಾಗ ಕಾಡಿಗಿ.
ಮುಟ್ಟಿದ್ರ ಬೆರಳಿಗೆ,
ಗಾಳಿ ಬೀಸಿದ್ರ ಬಾಜೂಕಿನ ಹೂವಿಗೆ.
ನಾಕು ದಿನದಾಗ ಬರೇ ಕಡ್ಡಿ ನಿಂತಿತ್ತು
ಹಲ್ಲುದುರಿದ ಹಣಿಗಿಯಂಗ.

ಕೂಸಿನ ಗಲ್ಲಕ್ಕಿಟ್ರ ದೃಷ್ಟಿ ಕಾಯೂದು
ತೆನಿಗೆ ಹತ್ತಿದ್ರ ಯಾರ ದೃಷ್ಟಿ?
ಯಾರದೂ ಅಲ್ಲ, ಅಂದ ಕೃಷಿ ಕೇಂದ್ರದ ಹುಡುಗ.
ಬೀಜದಾಗ ಮಲಗಿರತೈತಿ, ತೊಳದ್ರ ಹೋಗೂದಲ್ಲ.
ದುಂಡ ಕಾಳು, ಚೆಂದನ ಕಾಳು,
ಅದರ ಹೊಟ್ಟ್ಯಾಗ.

ಅದಕ್ಕ ಇವತ್ತ ಹಿತ್ತಲದಾಗ
ಕ್ವಾಳಿ ಎಲ್ಲಾ ಒಳಗ ಕೂಡಿ,
ಮೂಗಿಗೆ ಸೆರಗು, ಕೈಗೆ ಹಾಲಿನ ಪಾಕೀಟು ಕಟಗೊಂಡು
ಡ್ರಮ್ಮು ಉರುಳಸತೀನಿ
ಅತ್ತಾಗ, ಇತ್ತಾಗ, ಅತ್ತಾಗ.
ಮುಚ್ಚಳ ತೆಗದ್ರ
ಮೂವತ್ತು ಕಿಲೋನೂ ಗುಲಾಬಿ.

ಆವಾಗ ಬಂದ್ಲು ನಿಂಬೆವ್ವ, ಕೈಯಾಗ ಬುಟ್ಟಿ.
"ಬೀಗರು ಬಂದಾರ. ಹುಗ್ಗಿಗೆ ಒಂದು ಸೇರು ಗೋದಿ ಕೊಡು,
ಸಂತಿ ದಿನ ಹೊಳ್ಳಿ ಕೊಡತೀನಿ."

ನಮ್ಮತ್ತಿ ಕಾಲಕ್ಕ
ಬೀಜದ ಚೀಲಾ ಅಂದ್ರ ಅರ್ಧಾ ಅಡಗಿಮನಿ.
ಯಾರರ ಬಂದ್ರ ನಾಕು ಬೊಗಸಿ ಹುಗ್ಗಿಗೆ,
ಉಳದದ್ದು ಬಿತ್ತಿಗಿಗೆ.
ತಾನು ಎತ್ತಾಗ ಹೊಂಟೇನಿ ಅನ್ನೂದು
ಕಾಳಿಗೇ ಗೊತ್ತಿರತಿದ್ದಿಲ್ಲ, ಕಡೀತನಾ.
ಇದಕ್ಕ ಗೊತ್ತೈತಿ.
ಗುಲಾಬಿ ಹತ್ತಿದ ಮ್ಯಾಲ
ಮಣ್ಣಿಂದು ಒಂದೇ ದಾರಿ.

ಇಲ್ಲ ಅಂದೆ. ಇಟಗೊಂಡು ಇಲ್ಲ ಅಂದೆ.
ಅಕಿ ಕಣ್ಣು ಡ್ರಮ್ಮಿನ ಮ್ಯಾಲ.
ಔಷಧಾ ಹಚ್ಚೇನವಾ, ತಿನ್ನಾಕ ಬರೂದಲ್ಲ,
ಕೈ ತೋರಿಸಿದೆ. ಪಾಕೀಟು ಹರದು
ಬೆರಳೆಲ್ಲಾ ಕೆಂಪ.
"ಮದರಂಗಿ ಭಾಳ ಚೆಂದ ಹತ್ತೇತಿ" ಅಂದು
ಬುಟ್ಟಿ ಬಗಲಾಗಿಟಗೊಂಡು ಹೋದ್ಲು.
ನಂಬಿದ್ಲೋ, ಇಲ್ಲೋ.

ತಕ್ಕಡಿ ತಾಟು ಎರಡು ಸಲ ತೊಳದೆ.
ಕೈ ನಾಕು ಸಲ.
ಹೊತ್ತು ಮುಳಿಗಿದ ಮ್ಯಾಲ ಹಿಟ್ಟಿನ ಮುಂದ ಕೂತು ನೋಡಿದ್ರ
ಉಗುರಿನ ಸಂದ್ಯಾಗ ಇನ್ನೂ ಗುಲಾಬಿ.

ಎದ್ದೆ.
ಮಗಳಿಗಂದೆ,
ಇವತ್ತ ರೊಟ್ಟಿ ನೀ ಬಡಿ.