ನೂಲಧೂಳು

ಬನಹಟ್ಟಿಯಲ್ಲಿ ಯಾವ ಟೀವಿ ಬಿಚ್ಚಿದರೂ
ಮೊದಲು ಸಿಗುವುದು ಮಗ್ಗದ ಧೂಳು.
ಮೌಲಾಲಿ ಕಾಕಾ ಅದನ್ನು ಊದುವ ಮುನ್ನ
ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿಯುತ್ತಿದ್ದ.
"ಇದು ಬಾಣಕಾರರ ಮನೀದು. ಈ ತಿಂಗಳ ಹಸಿರು ನೇಯ್ದಾರ."
ಹೆಸರಿನ ಚೀಟಿ ಕಿತ್ತುಹೋಗಿದ್ದರೂ
ಯಾರ ಪೆಟ್ಟಿಗೆಯೆಂದು ಅವನಿಗೆ ತಪ್ಪಿದ್ದಿಲ್ಲ.

ನಾನು ಹತ್ತನೆಯತ್ತೆಯಲ್ಲಿ ಗಣಿತಕ್ಕೆ ಬಿದ್ದು
ಅವನ ಅಂಗಡಿಯ ಮೆಟ್ಟಿಲು ಹತ್ತಿದವಳು.
ಮೂರು ತಿಂಗಳು ನನ್ನ ಕೈಗೆ ಕೊಟ್ಟದ್ದು ಒಂದೇ:
ಬಣ್ಣ ಬಳಿಯುವ ಎರಡಿಂಚಿನ ಬ್ರಶ್ಶು.
"ಬೆಸುಗಿ ಆಮ್ಯಾಲ ಕಲಿ. ಮೊದಲ ಉಸರಾಡೋ ದಾರಿ ಬಿಡಸು.
ಅರ್ಧ ಊರಿನ ಸಾಮಾನು ಧಗಿಗೆ ಸತ್ತಾವು,
ಇನ್ನರ್ಧ, ಯಾರೂ ಹಿಂದ ತಿರುಗಿಸಿ ನೋಡಲಿಲ್ಲಂತ."

ಸುಗಲವ್ವನ ಮಿಕ್ಸರಿಗೆ ಇಪ್ಪತ್ತಾರು ವರ್ಷ.
ನೆರೆಮನೆಯಲ್ಲಿ ನಾಲ್ಕನೆಯದು ಬಂದು ಹೋಯಿತು.
ಗುಟ್ಟೇನವ್ವಾ ಅಂದರೆ ನಗುತ್ತಾಳೆ:
ಹತ್ತು ಎಣಿಸಿ ನಿಲ್ಲಿಸುವುದು,
ಮೈ ಮುಟ್ಟಿ ನೋಡುವುದು,
ಶೇಂಗಾ ಹಿಂಡಿ ಎಣ್ಣೆ ಬಿಡುವ ಮೊದಲೇ ಕೈ ತೆಗೆಯುವುದು.
ಅವಳ ಮೊಮ್ಮಗ ಎಣಿಕೆ ಕಲಿತದ್ದು ಈ ಸದ್ದಿನಲ್ಲಿಯೇ.
ಸಾಲಿಯಲ್ಲಿ ಅಕ್ಕೋರು ಕೇಳಿದರೆ
ಎಂಟು, ಒಂಬತ್ತು, ಹತ್ತು,
ಆಮೇಲೆ "ತಡಿ" ಅನ್ನುತ್ತಾನೆ.

ಕರೆಂಟು ಹೋದಾಗ ನಮ್ಮ ಓಣಿಗೆ ಕಿವಿ ಬರುತ್ತದೆ.
ನೂರು ಮಗ್ಗ ಒಮ್ಮೆಲೇ ನಿಂತು
ದೂರದ ಕೂಸಿನ ಅಳು, ಒಗ್ಗರಣೆಯ ಸಿಡಿತ,
ಯಾರದೋ ಕೆಮ್ಮು.
ಅಷ್ಟರಲ್ಲಿ ಎದ್ದು ಫ್ರಿಜ್ಜಿನ ಗುಂಡಿ ಆರಿಸಬೇಕು.
ಮರಳಿ ಬರುವ ಕರೆಂಟು ಹಸಿದ ಹೋರಿ,
ಮೊದಲ ಗುದ್ದು ಯಾರಿಗೆ ಬಿದ್ದೀತೋ.
ಬಂದ ಮೇಲೂ ಐದು ನಿಮಿಷ ಕಾಯಿರಿ ಎಂದು
ಮನೆ ಮನೆಗೆ ಹೇಳಿ ಬಾಯಿ ನೋಯಿಸಿಕೊಂಡೆ.
ಕೆಲವರು ಕಾಯುತ್ತಾರೆ.
ಕಾಯದವರಿಂದ ನನ್ನ ಹೊಟ್ಟೆ ತುಂಬುತ್ತದೆ, ಸುಳ್ಳೇಕೆ ಹೇಳಲಿ.

ನಮ್ಮ ಮನೆಯ ಟೀವಿಯೇ ಒಂದು ದಿನ ಕಣ್ಣು ಮುಚ್ಚಿತು.
ಅವ್ವ ಅದಕ್ಕೆ ಗುಳೇದಗುಡ್ಡದ ಖಣದಲ್ಲಿ
ಕುಪ್ಪಸ ಹೊಲಿದಂತೆ ಗವಸು ಹೊಲಿದಿದ್ದಳು,
ಹಿಂದೆ ಮುಂದೆ ಮೂಲೆ ಮೂಲೆಗೆ ಬಿಗಿಯಾಗಿ;
ನೋಡುವಾಗಲೂ ಮುಂದಿನ ಸೆರಗಷ್ಟೇ ಎತ್ತುವುದು.
ಬಿಚ್ಚಿದರೆ ಒಳಗಿನ ಕೆಪಾಸಿಟರು
ಬೆಂದ ಕಡಬಿನ ಹಾಗೆ ಉಬ್ಬಿ ಕೂತಿತ್ತು.
"ಧೂಳು ಬೀಳಬಾರದಂತ ಮುಚ್ಚಿದ್ದೆ," ಅಂದಳು.
ಏನು ಹೇಳಲಿ?
ಹದಿನೆಂಟು ರೂಪಾಯಿಯ ಕೆಪಾಸಿಟರು ಹಾಕಿದೆ.
ಗವಸಿನ ಬೆನ್ನಿಗೆ ಕತ್ತರಿ ಹಾಕಿ
ಒಂದು ಕಿಟಕಿ ತೆಗೆದು ಅಂಚು ಮಡಚಿ ಹೊಲಿದೆ.
ಈಗ ಮುಂದೆ ಖಣ, ಹಿಂದೆ ಗಾಳಿ.
ಅವ್ವ ಎರಡು ದಿನ ಮಾತಾಡಲಿಲ್ಲ.

ಈಗೀಗ ಬರುವವಕ್ಕೆ ಸ್ಕ್ರೂ ಇಲ್ಲ, ಅಂಟು.
ಕಾಕಾ ಒಂದನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ
"ಬಾಗಲಾ ಇಲ್ಲದ ಮನಿ
ಯಾರು ಕಟ್ಟಿದರವ್ವಾ?" ಅಂದ.
ಅದೇ ಕೊನೆ, ಅಂಗಡಿಗೆ ಬರುವುದು ಬಿಟ್ಟ.
ಕಣ್ಣಿಗೆ ಪೊರೆ ಬಂದು ನೀಲಿ, ಹಸಿರು ಒಂದೇ ಆಗಿತ್ತು.

ಮೊನ್ನೆ ಕರೆಕಳಿಸಿದ, ತನ್ನ ರೇಡಿಯೋ ಬಿಚ್ಚಲು.
"ಯಾವ ಬಣ್ಣ ಐತಿ, ನೋಡು."
ಅವನ ಮನೆಯಲ್ಲಿ ಮಗ್ಗವಿಲ್ಲ, ಎಂದೂ ಇರಲಿಲ್ಲ.
ಆದರೂ ಒಳಗೆ ಬೆರಳುದ್ದ ಧೂಳು,
ಕೆಂಪಿನ ಎಳೆ, ಇಂಗಳೀಕದ ಎಳೆ, ಬಾಣಕಾರರ ಹಸಿರು,
ನಲವತ್ತು ವರ್ಷ ಅವನ ಅಂಗಿಗೆ ಹತ್ತಿ ಬಂದದ್ದು,
ಎಲ್ಲ ಕೂಡಿ ಬೂದಿ.
"ಎಲ್ಲಾರದೂ ಐತಿ ಕಾಕಾ," ಅಂದೆ.
"ಊದು ಮತ್ತ," ಅಂದ.

ಊದಿದೆ. ಬ್ರಶ್ಶಾಡಿಸಿದೆ. ಮುಚ್ಚಿದೆ.
ಒಂದು ಸ್ಕ್ರೂ ಉಳಿಯಿತು.
ಎಲ್ಲಿಯದೆಂದು ಹೊಳೆಯಲಿಲ್ಲ.
ಅವನಿಗೆ ಹೇಳದೆ ಕಿಸೆಗೆ ಹಾಕಿಕೊಂಡೆ.
ರೇಡಿಯೋ ಏನೋ ಮಾತಾಡುತ್ತಿದೆ,
ಕಾಕಾ ಕಿವಿ ಹಚ್ಚಿ ಕೂತಿದ್ದಾನೆ,
ಅವನಿಗೆ ಗೊತ್ತಾಗಿದೆ ಅಂತ ಕಾಣುತ್ತದೆ.