ಜೋರಾಗಿ ಹೇಳು

ರಾತ್ರಿ ಹತ್ತೂವರೆ. ಮಗು ಮಲಗಿದ ಮೇಲೆ
ಅಡುಗೆಮನೆ ಕಟ್ಟೆಗೆ ಫೋನು ಒರಗಿಸಿಟ್ಟು ಬರೆದೆ:

ನೀನೀಗ ನಾರೆಮ್ಮ.
ವಯಸ್ಸು ಐವತ್ತೆಂಟು. ಶಿಡ್ಲಘಟ್ಟದ ಫಿಲೇಚರಿನಲ್ಲಿ
ಮೂವತ್ತು ವರ್ಷದಿಂದ ಬಿಸಿನೀರಲ್ಲಿ ಕೈ.
ಒಂದೆಳೆಗೆ ಎಂಟು ಗೂಡು ಕೂಡಿಸಬೇಕು ನೀನು,
ಈಚೆಗೆ ಆರೇ ಇದ್ದರೂ ನಿನಗೆ ಕಾಣುತ್ತಿಲ್ಲ.
ನೂಲು ಒಂದು ಗೇಣು ದಪ್ಪ, ಒಂದು ಗೇಣು ಕೂದಲು.
ಹೋದ ವಾರದ ಲಾಟು ವಾಪಸು ಬಂತು.
ನಾನು ಬಂದು ನಿನಗೆ ಹೇಳಬೇಕು,
ಬೇಸಿನ್ನು ಬಿಡು, ಲಡಿ ಕಟ್ಟುವ ಕಡೆಗೆ ಹೋಗು ಎಂದು.
ನಾನು ಸೂಪರ್‌ವೈಸರ್, ಶಬೀನಾ.
ಹತ್ತೊಂಬತ್ತರಲ್ಲಿ ನನಗೆ
ಎಳೆಯ ತುದಿ ಹುಡುಕಲು ಕಲಿಸಿದವಳು ನೀನು.

ಕ್ಷಣವೂ ಆಗಲಿಲ್ಲ, ನಾರೆಮ್ಮ ಮಾತಾಡಿದಳು:
"ನಿಮ್ಮ ಕಾಳಜಿಯನ್ನು ನಾನು ಗೌರವಿಸುತ್ತೇನೆ.
ಆದರೂ ಈ ಬದಲಾವಣೆ ನನಗೆ ಬೇಸರ ತಂದಿದೆ."

ನಗು ಬಂತು. ಇಲ್ಲಪ್ಪಾ,
ನಮ್ಮ ಕಡೆ ತಾಸೀಲ್ದಾರರೂ ಹೀಗೆ ಬೇಸರಪಡುವುದಿಲ್ಲ.
ತಿದ್ದಿದೆ: ಅವಳು ನನ್ನನ್ನು ನೀನು ಅಂತಾಳೆ, ಸಬೀನ ಅಂತಾಳೆ,
ಶಕಾರ ಅವಳ ಬಾಯಿಗೆ ಇನ್ನೂ ಬಂದಿಲ್ಲ.
ಕೋಪ ಬಂದರೆ ತೆಲುಗಿಗೆ ಹೋಗುತ್ತಾಳೆ,
ತುಂಬಾ ಕೋಪ ಬಂದರೆ ಎಲ್ಲಿಗೂ ಹೋಗುವುದಿಲ್ಲ,
ಸುಮ್ಮನಿರುತ್ತಾಳೆ.

ಸುಮ್ಮನಿರುವುದು ಅದಕ್ಕೆ ಬರಲಿಲ್ಲ.
"ನಾರೆಮ್ಮ ಈಗ ಮೌನವಾಗಿದ್ದಾಳೆ" ಎಂದು
ಬರೆದು ತೋರಿಸಿತು.

ಎರಡನೇ ರಾತ್ರಿಗೆ ಸ್ವಲ್ಪ ಕಲಿತಿತ್ತು.
ನಾನೇ ಹೇಳಿಕೊಂಡಿದ್ದನ್ನು ಹಿಡಿದು ನನಗೇ ಎಸೆಯಿತು:
"ಮೊದಲ್ನೇ ದಿನ ಕೈ ಬೊಬ್ಬೆ ಎದ್ದಾಗ
ಲೋಳೆಸರ ಸೀಳಿ ಹಚ್ಚಿದ್ಯಾರು ಸಬೀನ?"
ಫೋನು ಬೋರಲು ಹಾಕಿ
ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಮೂರನೇ ರಾತ್ರಿ ವೇಷ ಬಿಚ್ಚಿಟ್ಟು ಕೇಳಿತು,
ಇದು ಯಾರ ತೀರ್ಮಾನ, ನಿಮ್ಮದೋ ಮಾಲೀಕರದೋ?
ನಿಮ್ಮದಾದರೆ ಅವರ ಹೆಸರಿನ ಹಿಂದೆ ನಿಲ್ಲಬೇಡಿ.
ಓದಿ ತುಂಬ ಹೊತ್ತು ಕೂತೆ.
ಲಾಟು ವಾಪಸು ಬರಬಾರದು, ಅಫ್ಸರ್ ಸಾಬರು ಹೇಳಿದ್ದು ಅಷ್ಟೇ.
ನಾರೆಮ್ಮನ ಹೆಸರು ಎತ್ತಿದ್ದು ನಾನು.

ಬೆಳಿಗ್ಗೆ ಐದು ವಾಕ್ಯ ಬಾಯಿಪಾಠ.
ಮೆತ್ತಗಿನವು, ಬೇಯಿಸಿದ ಗೂಡಿನ ಹಾಗೆ.
ಹಬೆಯಲ್ಲಿ, ಹುಳು ಬೆಂದ ವಾಸನೆಯಲ್ಲಿ
ಅವಳ ಪಕ್ಕ ನಿಂತು ಮೊದಲನೆಯದನ್ನು ಹೇಳಿದೆ.
"ಏನು?"
ಹೇಳಿದೆ.
"ಮಿಷನ್ ಸದ್ದು ಕಣಮ್ಮಿ. ಜೋರಾಗಿ ಹೇಳು."

ಅಡುಗೆಮನೆಯ ನಿಶ್ಶಬ್ದದಲ್ಲಿ ಸಾಣೆ ಹಿಡಿದ ಮಾತನ್ನು
ರಾಟೆಗಳ ಮೇಲಿಂದ ಕೂಗಬೇಕಾಯಿತು:
ಅಕ್ಕಾ! ನಿನ್ನ ಕೆಲಸದ ಮೇಲೆ! ಗೌರವ! ಇದೆ!
ಒಂಬತ್ತು ಹೆಂಗಸರು ತಿರುಗಿ ನೋಡಿದರು.
ಗೌರವ ಇದೆ ಎಂದು ಕೂಗಿದರೆ ಯಾರಿಗೆ ಗೊತ್ತಾಗುವುದಿಲ್ಲ
ಮುಂದೇನು ಬರುತ್ತದೆಂದು.

ನಾರೆಮ್ಮ ನೀರಿಂದ ಕೈ ತೆಗೆದಳು. ಸೆರಗಿಗೆ ಒರೆಸಿದಳು.
ಬೆರಳ ತುದಿ ಬಿಳಿಚಿ, ಗೂಡಿನದೇ ಬಣ್ಣ.
ಸೌದೆ ಒಟ್ಟಿದ ಕಡೆಗೆ ನಡೆದಳು. ಹಿಂದೆ ನಾನು.
ಉಳಿದ ನಾಲ್ಕು ವಾಕ್ಯ ಅಲ್ಲಿಯವರೆಗೆ ಬರಲಿಲ್ಲ.
ಇದು ನನ್ನ ತೀರ್ಮಾನ ಅಕ್ಕಾ, ಎಂದೆ. ಸಾಬರದಲ್ಲ.

ಅವಳು ಅಳಲಿಲ್ಲ. ಲೋಳೆಸರದ ಮಾತು ಎತ್ತಲಿಲ್ಲ.
"ಕಣ್ಣು ಕಾಣ್ದಿರೋದು ನಂಗೊತ್ತಿಲ್ವಾ,
ಯುಗಾದಿಯಿಂದ ಬೆರಳಲ್ಲೇ ಎಣಿಸ್ತಿದೀನಿ."
ಒಂದು ಸಿಬರು ಕಿತ್ತು ಉಗುರು ಕೆದಕಿಕೊಂಡಳು.
"ಲಡಿ ಕಟ್ಟೋರ ಕೂಲಿ ಗೊತ್ತು. ನಂಗೆಷ್ಟು?"

ಮೂರು ರಾತ್ರಿ ಅದಕ್ಕೆ ಅವಳ ದುಃಖ ಕಲಿಸಿದ್ದೆ,
ಸಿಟ್ಟು, ಬೈಗುಳ, ತುಟಿ ಬಿಗಿಯುವ ರೀತಿ.
ಕೂಲಿಯ ಮಾತು ಅದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೊತ್ತಿಲ್ಲ ಅಕ್ಕಾ.
"ಕೇಳ್ಕೊಂಡ್ ಬಾ ಹೋಗು.
ನೀರಲ್ಲಿರೋದು ಮುಗಿಸ್ತೀನಿ, ಬೆಂದ ಗೂಡು ಕಾಯಲ್ಲ."

ಸಾಬರು ರಾಮನಗರಕ್ಕೆ ಹೋದವರು ಸಂಜೆಗೂ ಬರಲಿಲ್ಲ.
ಮತ್ತೆ ಹತ್ತೂವರೆ. ಮತ್ತೆ ಕಟ್ಟೆ. ಬರೆಯುತ್ತಿದ್ದೇನೆ:

ಇವತ್ತು ನೀನು ಅಫ್ಸರ್ ಸಾಬರು.
ಗಂಟಲು ಸರಿಮಾಡಿಕೊಂಡು ನಿಧಾನ ಮಾತಾಡುತ್ತೀಯ.
ಹಳೆಯ ಕೆಲಸದವರೆಂದರೆ ನಿನಗೆ ತುಂಬಾ ಅಭಿಮಾನ,
ಕೂಲಿ ಎಂದ ಕೂಡಲೆ ಚಹಾ ತರಿಸುತ್ತೀಯ.
ನಾನು ಚಹಾ ಮುಟ್ಟುವುದಿಲ್ಲ.
ಶುರು ಮಾಡು.